ಶಿಬಿರದ ಸಂತೆ ದಿನ: ಮಕ್ಕಳ ಕೈಗೆ ನಿಜವಾದ ದುಡ್ಡು, ನಿಜವಾದ ಲೆಕ್ಕ ಕೊಡುವುದು ಹೇಗೆ

ಏಪ್ರಿಲ್ ಎರಡನೇ ವಾರ ಶಾಲೆಗೆ ರಜೆ ಬಿತ್ತು ಅಂದರೆ ಊರೂರಲ್ಲಿ ಬೇಸಿಗೆ ಶಿಬಿರ ಶುರು. ಚಿತ್ರ, ನಾಟಕ, ಈಜು, ಕರಾಟೆ ಜೊತೆಗೆ ಈಗ ನಾಯಕತ್ವ ಮತ್ತು ಉದ್ಯಮಶೀಲತೆ ಶಿಬಿರ ಅನ್ನುವ ಬೋರ್ಡೂ ಕಾಣುತ್ತದೆ. ಒಳಗೆ ಹೋಗಿ ನೋಡಿದರೆ ಬಹಳ ಕಡೆ ಮಕ್ಕಳು ಸಾಲಾಗಿ ಕುರ್ಚಿ ಮೇಲೆ ಕೂತಿರುತ್ತಾರೆ, ಮುಂದೆ ಯಾರೋ ದೊಡ್ಡವರು ಮೈಕ್ ಹಿಡಿದು ಗುರಿ, ಗೆಲುವು, ಕನಸು ಅಂತ ಮಾತಾಡುತ್ತಿರುತ್ತಾರೆ. ನಾವು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಪಟ್ಟಣದಲ್ಲಿ ಮೊದಲ ವರ್ಷ ನಡೆಸಿದ ಶಿಬಿರವೂ ಹೀಗೇ ಇತ್ತು. ಮೂರನೇ ದಿನ ಎಂಟನೇ ಕ್ಲಾಸಿನ ಹುಡುಗಿ ಒಬ್ಬಳು ಎದ್ದು ನಿಂತು ಕೇಳಿದಳು, "ಸಾರ್, ನಾವು ಏನಾದ್ರೂ ಮಾಡೋದು ಯಾವಾಗ?"

ಆ ಪ್ರಶ್ನೆಯಿಂದ ಹುಟ್ಟಿದ್ದು ಸಂತೆ ದಿನ. ಹತ್ತು ದಿನದ ಶಿಬಿರದಲ್ಲಿ ಒಂದು ಪೂರ್ತಿ ದಿನ ಮಕ್ಕಳೇ ಸಾಲ ತೆಗೆದುಕೊಂಡು, ಸಾಮಾನು ಕೊಂಡು, ತಯಾರಿಸಿ, ಊರಿನ ಸಂತೆಯಲ್ಲಿ ಗೊತ್ತಿಲ್ಲದ ಜನರಿಗೆ ಮಾರಿ, ಸಂಜೆ ಲೆಕ್ಕ ಒಪ್ಪಿಸುವುದು. ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂತೆ, ಮೆಟ್ರಿಕ್ ಮೇಳ ಅಂತ ಮಾಡುತ್ತಾರಲ್ಲ, ಅದರ ಅಣ್ಣ ಅಂತ ಇಟ್ಟುಕೊಳ್ಳಿ. ಮಕ್ಕಳ ಸಂತೆ ಸಾಮಾನ್ಯವಾಗಿ ಶಾಲೆ ಅಂಗಳದಲ್ಲೇ ನಡೆಯುತ್ತದೆ, ಕೊಳ್ಳುವವರು ಹೆಚ್ಚಾಗಿ ಮೇಷ್ಟ್ರು ಮತ್ತು ಅಪ್ಪ ಅಮ್ಮ. ನಮ್ಮದರಲ್ಲಿ ಕೊಳ್ಳುವವರು ಯಾರೋ ಏನೋ. ಆ ವ್ಯತ್ಯಾಸದಲ್ಲೇ ಎಲ್ಲ ಪಾಠ ಇದೆ.

ನೀವೂ ನಿಮ್ಮ ಊರಲ್ಲಿ ಇಂಥದ್ದೊಂದು ದಿನ ಮಾಡಬೇಕು ಅಂತಿದ್ದರೆ, ನಾವು ಮಾಡಿ ಕಲಿತದ್ದನ್ನು ಕ್ರಮವಾಗಿ ಬರೆದಿದ್ದೇನೆ. ನಮ್ಮ ಲೆಕ್ಕ ಇಪ್ಪತ್ತೈದು ಮಕ್ಕಳಿಗೆ, ಎಂಟನೇ ಕ್ಲಾಸಿನಿಂದ ಮೊದಲ ಪಿಯುಸಿವರೆಗೆ, ಐದೈದು ಜನರ ಐದು ತಂಡ. ಇದಕ್ಕಿಂತ ದೊಡ್ಡ ಗುಂಪು ಬೇಡ. ಸಂತೆಯಲ್ಲಿ ಕಣ್ಣಿಡುವುದಕ್ಕೆ ಆಗುವುದಿಲ್ಲ.

ಯಾವ ದಿನ, ಯಾರ ಒಪ್ಪಿಗೆ

ಸಂತೆ ದಿನವನ್ನು ಶಿಬಿರದ ಕೊನೆಗೆ ಇಡಬೇಡಿ. ಐದನೆಯದೋ ಆರನೆಯದೋ ದಿನ ಆಗಲಿ. ಕೊನೆ ದಿನಕ್ಕೆ ಇಟ್ಟರೆ ಅದು ಪ್ರದರ್ಶನ ಆಗಿಬಿಡುತ್ತದೆ, ನಷ್ಟ ಆದ ತಂಡಕ್ಕೆ ಮತ್ತೆ ಕೈ ಹಾಕುವ ಅವಕಾಶವೇ ಇರುವುದಿಲ್ಲ. ನಿಮ್ಮ ಊರಿನ ವಾರದ ಸಂತೆ ಯಾವತ್ತೋ ನೋಡಿ, ಅದಕ್ಕೆ ಹೊಂದುವ ಹಾಗೆ ಶಿಬಿರದ ತಾರೀಕು ಇಟ್ಟುಕೊಳ್ಳಿ. ಶಿಬಿರ ಮೊದಲು ಗೊತ್ತು ಮಾಡಿ ಆಮೇಲೆ ಸಂತೆ ಹುಡುಕಿದರೆ ಕೂಡಿ ಬರುವುದಿಲ್ಲ.

ಪಟ್ಟಣ ಪಂಚಾಯಿತಿ, ಪುರಸಭೆ ಅಥವಾ ಗ್ರಾಮ ಪಂಚಾಯಿತಿ, ಸಂತೆ ಯಾರ ಕೈಲಿದೆಯೋ ಅವರಿಗೆ ಹದಿನೈದು ದಿನ ಮುಂಚೆ ಒಂದು ಅರ್ಜಿ ಕೊಡಿ. ಜಾಗ ಎಷ್ಟು ಬೇಕು, ಎಷ್ಟು ಹೊತ್ತಿಗೆ, ಮಕ್ಕಳು ಎಷ್ಟು ಜನ, ಜವಾಬ್ದಾರಿ ಯಾರದು, ಇಷ್ಟು ಸಾಕು. ಸಂತೆಯ ಸುಂಕ ಬಿಟ್ಟುಬಿಡಿ ಅಂತ ಕೇಳಬೇಡಿ. ಸುಂಕ ವಸೂಲಿಯವರು ಬಂದಾಗ ಮಕ್ಕಳೇ ಇಪ್ಪತ್ತು ರೂಪಾಯಿ ಕೊಟ್ಟು ಚೀಟಿ ಇಸಿದುಕೊಳ್ಳಲಿ. ಆ ಚೀಟಿಯನ್ನು ಖರ್ಚಿನ ಲೆಕ್ಕಕ್ಕೆ ಅಂಟಿಸುವಾಗ ಅವರ ಮುಖ ನೋಡಬೇಕು ನೀವು.

ಅಪ್ಪ ಅಮ್ಮನ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ. ಮಗುವಿಗೆ ಅಲರ್ಜಿ ಇದೆಯಾ, ಫಿಟ್ಸ್ ಬರುತ್ತದಾ, ದಿನಾ ಮಾತ್ರೆ ಇದೆಯಾ ಅಂತ ಅದೇ ಹಾಳೆಯಲ್ಲಿ ಕೇಳಿ. ತಂಡಕ್ಕೆ ಒಬ್ಬ ದೊಡ್ಡವರು, ಹೆಣ್ಣುಮಕ್ಕಳಿರುವ ತಂಡಗಳ ಹತ್ತಿರ ಕಡ್ಡಾಯವಾಗಿ ಹೆಂಗಸರು ಇರಬೇಕು. ಮಕ್ಕಳ ಸಹಾಯವಾಣಿ 1098, ಆಂಬುಲೆನ್ಸಿಗೆ 108. ಇವೆರಡನ್ನೂ ಪ್ರತಿ ಮಗುವಿನ ಕೊರಳ ಚೀಟಿಯ ಹಿಂದೆ ಬರೆಸಿ. ಅಂಗಡಿ ಮುಂದೆ ಒಂದು ಬೋರ್ಡು ಬೇಕೇ ಬೇಕು: "ಬೇಸಿಗೆ ಶಿಬಿರದ ಮಕ್ಕಳ ಅಂಗಡಿ." ಇಲ್ಲದಿದ್ದರೆ ಮಕ್ಕಳ ಕೈಲಿ ದುಡಿಸುತ್ತಿದ್ದೀರಾ ಅಂತ ಜನ ಕೇಳುತ್ತಾರೆ. ಕೇಳುವುದು ಸರಿಯೇ. ಕೇಳುವ ಜನ ಇರುವ ಊರು ಒಳ್ಳೆಯ ಊರು.

ಒಂದು ವಾರ ಮುಂಚೆ: ಕೇಳಿ ತಿಳಿಯುವ ಸುತ್ತಾಟ

ಮಾರುವ ಮುಂಚೆ ಮಾರುವವರನ್ನು ನೋಡಬೇಕು. ಶಿಬಿರಕ್ಕೆ ಮುಂಚಿನ ವಾರದ ಸಂತೆಗೇ ಮಕ್ಕಳನ್ನು ಒಂದು ಬೆಳಿಗ್ಗೆ ಕರೆದುಕೊಂಡು ಹೋಗಿ. ಅದು ಆಗದಿದ್ದರೆ ಶಿಬಿರದ ಎರಡನೇ ದಿನ ಬಸ್ ಸ್ಟ್ಯಾಂಡ್ ಹತ್ತಿರದ ಮಾರ್ಕೆಟ್ಟಿಗೆ. ತಂಡಕ್ಕೆ ಒಬ್ಬ ವ್ಯಾಪಾರಿ. ಹೂವಿನವರು, ತರಕಾರಿಯವರು, ಸೊಪ್ಪಿನವರು, ಚುರುಮುರಿಯವರು, ಎಳನೀರಿನವರು. ಮಕ್ಕಳು ಸುಮ್ನೆ ಹೋಗಿ ಪ್ರಶ್ನೆ ಕೇಳುತ್ತಾ ನಿಲ್ಲಬಾರದು, ವ್ಯಾಪಾರ ಕೆಡುತ್ತದೆ. ಮೊದಲು ಒಂದು ಮೊಳ ಹೂವೋ ಒಂದು ಕಟ್ಟು ಸೊಪ್ಪೋ ಕೊಳ್ಳಲಿ. ಗಿರಾಕಿ ಬಂದಾಗ ಪಕ್ಕಕ್ಕೆ ಸರಿಯಲಿ. ಬೋಣಿ ಆಗುವ ಮುಂಚೆ ಯಾರನ್ನೂ ಮಾತಾಡಿಸಬಾರದು, ಇದು ಗಟ್ಟಿ ನಿಯಮ.

ಏನು ಕೇಳಬೇಕು? ಮಾಲು ಎಲ್ಲಿಂದ ತರುತ್ತೀರಿ, ಎಷ್ಟು ಗಂಟೆಗೆ ಏಳುತ್ತೀರಿ, ಉಳಿದರೆ ಏನು ಮಾಡುತ್ತೀರಿ, ಕೊಸರು ಎಷ್ಟು ಕೊಡುತ್ತೀರಿ, ಮಳೆ ಬಂದರೆ? ಕೊನೆಗೆ, ಅವರಿಗೆ ಬೇಸರ ಆಗುವುದಿಲ್ಲ ಅನಿಸಿದರೆ ಮಾತ್ರ, ಬೆಳಿಗ್ಗೆ ಮಾಲಿಗೆ ದುಡ್ಡು ಎಲ್ಲಿಂದ ಅಂತ.

ನಮ್ಮ ಮಕ್ಕಳು ಒಬ್ಬ ಹೂವಿನಮ್ಮನ ಹತ್ತಿರ ಇದನ್ನು ಕೇಳಿದಾಗ ಆಕೆ ಮುಚ್ಚುಮರೆ ಇಲ್ಲದೆ ಹೇಳಿದರು. "ಬೆಳಿಗ್ಗೆ ಒಂಬೈನೂರು ಕೊಡ್ತಾರೆ ಮಗಾ, ಸಂಜೆಗೆ ಸಾವಿರ ಕೊಡಬೇಕು." ಮಕ್ಕಳು ವಾಪಸ್ ಬಂದು ಬೋರ್ಡಿನ ಮೇಲೆ ಲೆಕ್ಕ ಹಾಕಿದರು. ಒಂಬೈನೂರಕ್ಕೆ ನೂರು, ಅಂದರೆ ಒಂದು ದಿನಕ್ಕೆ ನೂರಕ್ಕೆ ಹನ್ನೊಂದು ರೂಪಾಯಿ ಬಡ್ಡಿ. ಬ್ಯಾಂಕಿನ ಸಾಲಕ್ಕೆ ವರ್ಷಕ್ಕೆ ಕಟ್ಟುವಷ್ಟು ಬಡ್ಡಿ ಇಲ್ಲಿ ಒಂದು ದಿನಕ್ಕೆ ಹೋಗುತ್ತಿದೆ. ಒಬ್ಬ ಹುಡುಗ ಎರಡು ಸಲ ಅಳಿಸಿ ಮತ್ತೆ ಹಾಕಿದ, ತಪ್ಪಾಗಿದೆ ಅಂದುಕೊಂಡು.

ಇಲ್ಲಿ ನೀವು ಹೇಳಬೇಕಾದ ಎರಡು ಮಾತಿದೆ. ಇಂಥ ಬೀದಿ ವ್ಯಾಪಾರಿಗಳಿಗಾಗಿಯೇ ನಮ್ಮ ರಾಜ್ಯದಲ್ಲಿ 2018ರಲ್ಲಿ ಬಡವರ ಬಂಧು ಯೋಜನೆ ಬಂತು, ಸಹಕಾರಿ ಬ್ಯಾಂಕುಗಳ ಮೂಲಕ ಬಡ್ಡಿ ಇಲ್ಲದೆ ಎರಡು ಸಾವಿರದಿಂದ ಹತ್ತು ಸಾವಿರದವರೆಗೆ ಸಾಲ. 2020ರಲ್ಲಿ ಕೇಂದ್ರದ ಪಿಎಂ ಸ್ವನಿಧಿ ಬಂತು, ಅದರ ಮೊದಲ ಕಂತು ಹತ್ತು ಸಾವಿರ ಅಂತ ಶುರುವಾಯಿತು. ಹಾಗಿದ್ದೂ ಆ ಅಮ್ಮ ಯಾಕೆ ಅಲ್ಲಿಗೆ ಹೋಗಲಿಲ್ಲ ಅನ್ನುವುದನ್ನು ಮಕ್ಕಳೇ ಯೋಚಿಸಲಿ. ಕಾಗದ ಪತ್ರ, ಓಡಾಟ, ಒಂದು ದಿನದ ವ್ಯಾಪಾರ ಬಿಟ್ಟು ಹೋಗುವ ಕಷ್ಟ, ಹೇಳುವವರು ಇಲ್ಲದಿರುವುದು, ಎಲ್ಲ ಅವರ ಬಾಯಲ್ಲೇ ಬರುತ್ತದೆ. ಉದ್ಯಮ ಅಂದರೆ ಬೆಂಗಳೂರಿನ ಗಾಜಿನ ಕಟ್ಟಡ ಅಂತ ತಿಳಿದಿದ್ದ ಮಕ್ಕಳಿಗೆ ಹೂವಿನಮ್ಮನೂ ಉದ್ಯಮಿ ಅಂತ ಅವತ್ತು ಅರ್ಥವಾಯಿತು. ಅದಕ್ಕೇ ಈ ಸುತ್ತಾಟವನ್ನು ಯಾವ ಕಾರಣಕ್ಕೂ ಬಿಡಬೇಡಿ ಅನ್ನುತ್ತೇನೆ.

ಹಿಂದಿನ ದಿನ: ಏನು ಮಾರುವುದು, ಎಷ್ಟಕ್ಕೆ

ಬೆಳಿಗ್ಗೆ ತಂಡ ಮಾಡಿ. ಚೀಟಿ ಎತ್ತಿಸಿ ಮಾಡಿ. ಗೆಳೆಯರೆಲ್ಲ ಒಂದೇ ತಂಡಕ್ಕೆ ಹೋದರೆ ನಾಯಕತ್ವ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ. ತಂಡದಲ್ಲಿ ಕೆಲಸ ಐದು: ಖರೀದಿ, ತಯಾರಿ, ಮಾರಾಟ, ಲೆಕ್ಕ, ಮತ್ತು ಎಲ್ಲರನ್ನೂ ಜೋಡಿಸುವವರು. ಕೊನೆಯವರನ್ನು ಲೀಡರ್ ಅಂತ ಕರೆಯಿರಿ, ಪರವಾಗಿಲ್ಲ. ಆದರೆ ಮುಂಚೆಯೇ ಹೇಳಿಬಿಡಿ, ಸಂತೆಯಲ್ಲಿ ಗಂಟೆಗೆ ಒಮ್ಮೆ ಕೆಲಸ ಬದಲಾಗುತ್ತದೆ ಅಂತ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಸುಮ್ಮನೆ ಬಿಟ್ಟರೆ ಪ್ರತಿ ತಂಡದಲ್ಲೂ ಒಂದೇ ಥರ ಆಗುತ್ತದೆ. ಹುಡುಗಿಯರು ನಿಂಬೆಹಣ್ಣು ಹಿಂಡುತ್ತಾರೆ, ಹುಡುಗರು ಕೂಗಿ ಮಾರುತ್ತಾರೆ, ದುಡ್ಡಿನ ಡಬ್ಬಿ ಅತಿ ಜೋರಾಗಿ ಮಾತಾಡುವವನ ಕೈಲಿ. ಶಾಲಾ ಸಂಸತ್ತಿನ ಚುನಾವಣೆಯಲ್ಲೂ ಹೀಗೇ ಆಗುವುದನ್ನು ನೋಡಿರುತ್ತೀರಿ. ಯಾರೂ ಕೆಟ್ಟವರಲ್ಲ, ಮನೆಯಲ್ಲಿ ನೋಡಿದ್ದನ್ನೇ ಮಾಡುತ್ತಾರೆ ಅಷ್ಟೆ. ಗಂಟೆ ಹೊಡೆದು ಕೆಲಸ ಬದಲಾಯಿಸಿದರೆ ಮಾತ್ರ ಇದು ಮುರಿಯುತ್ತದೆ.

ಆಮೇಲೆ ಬಂಡವಾಳ. ನಾವು ತಂಡಕ್ಕೆ ನಾನೂರು ರೂಪಾಯಿ ಕೊಡುತ್ತೇವೆ. ದಾನ ಅಲ್ಲ, ಸಾಲ. ಒಂದು ಹಾಳೆಯಲ್ಲಿ ಬರೆಸಿ ಐದೂ ಜನರ ಸಹಿ ಹಾಕಿಸಿ, ಬಡ್ಡಿ ಇಲ್ಲ, ಸಂಜೆ ನಾನೂರು ವಾಪಸ್ ಬರಬೇಕು. ಮನೆಯಿಂದ ದುಡ್ಡು ತರುವಂತಿಲ್ಲ. ಇಲ್ಲದಿದ್ದರೆ ಅಂಗಡಿ ಇಟ್ಟಿರುವ ಅಪ್ಪನ ಮಗನ ತಂಡ ಬಾಳೆಎಲೆ, ಬಣ್ಣದ ಬಟ್ಟೆ, ಸ್ಪೀಕರ್ ಎಲ್ಲ ತಂದು ಮೆರೆಯುತ್ತದೆ, ಕೂಲಿ ಮಾಡುವವರ ಮಗಳು ಮೂಲೆಯಲ್ಲಿ ನಿಲ್ಲುತ್ತಾಳೆ.

ಏನು ಮಾರಬೇಕು ಅನ್ನುವುದನ್ನು ಅವರೇ ಗೊತ್ತುಮಾಡಲಿ. ನೀವು ಎರಡು ಗೆರೆ ಮಾತ್ರ ಹಾಕಿ: ಒಲೆ, ಎಣ್ಣೆ ಬೇಡ, ಮತ್ತು ಎರಡು ಗಂಟೆಯಲ್ಲಿ ಕೆಡುವ ಪದಾರ್ಥ ಬೇಡ. ಬಿಸಿಲಿನ ದಿನ ಆದ್ದರಿಂದ ನಿಂಬೆ ಶರಬತ್ತು, ಪಾನಕ, ಮಜ್ಜಿಗೆ, ಹೆಚ್ಚಿದ ಸೌತೆಕಾಯಿ, ಚುರುಮುರಿ ಇವೇ ಬರುತ್ತವೆ. ತಿನ್ನುವುದಲ್ಲದ್ದೂ ಬರಬಹುದು. ಒಂದು ತಂಡ ಹಳೆಯ ಸೀರೆಯಲ್ಲಿ ಸಂತೆ ಚೀಲ ಹೊಲಿದು ತಂದಿತ್ತು, ಎಲ್ಲರಿಗಿಂತ ಮುಂಚೆ ಖಾಲಿ ಮಾಡಿತು.

ಈ ಹೊತ್ತಿಗೆ ಒಂದು ಕಥೆ ಹೇಳುವುದಾದರೆ ಎಂಟಿಆರ್ ಕಥೆ ಹೇಳಿ. 1924ರಲ್ಲಿ ಬೆಂಗಳೂರಲ್ಲಿ ಶುರುವಾದ ಹೋಟೆಲ್, ಉಡುಪಿ ಕಡೆಯ ಮಯ್ಯ ಸಹೋದರರದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದರು, ರವೆ ಇಡ್ಲಿ ಹುಟ್ಟಿದ್ದು ಹಾಗೆ ಅಂತ ಅವರೇ ಹೇಳುತ್ತಾರೆ. 1970ರ ದಶಕದ ತುರ್ತು ಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗೆ ಸರ್ಕಾರ ಕಡಿಮೆ ದರ ಕಟ್ಟಿದಾಗ ಹೋಟೆಲ್ ನಡೆಸುವುದು ಕಷ್ಟವಾಗಿ, ತಿಂಡಿಯ ಪುಡಿ, ಮಿಕ್ಸ್ ಮಾರುವ ಕಡೆ ತಿರುಗಿದರು. ಕಥೆ ಐದು ನಿಮಿಷಕ್ಕೆ ಮುಗಿಸಿ, ತಕ್ಷಣ ಕೇಳಿ: "ನಿಮಗೆ ನಾಳೆ ಏನು ಸಿಗದೇ ಹೋಗಬಹುದು? ಸಿಗದಿದ್ದರೆ ಏನು ಮಾಡ್ತೀರಿ?" ನಿಂಬೆಹಣ್ಣು ತುಟ್ಟಿಯಾದರೆ ಬೆಲ್ಲದ ಪಾನಕಕ್ಕೆ ಹೋಗುತ್ತೇವೆ ಅಂತ ಒಂದು ತಂಡ ಹೇಳಿದರೆ ನಿಮ್ಮ ಕಥೆ ಕೆಲಸ ಮಾಡಿತು ಅಂತ ಲೆಕ್ಕ.

ಈಗ ಅಸಲಿನ ಲೆಕ್ಕ. ನಮ್ಮ ಕಡೆ ನಿಂಬೆ ಶರಬತ್ತು ತಂಡ ಹಾಕಿದ್ದನ್ನೇ ಕೊಡುತ್ತೇನೆ, ಐವತ್ತು ಲೋಟಕ್ಕೆ. ನಿಂಬೆಹಣ್ಣು ಇಪ್ಪತ್ತೈದು, ಬೇಸಿಗೆಯ ಬೆಲೆ ಒಂದಕ್ಕೆ ಆರು, ಒಟ್ಟು 150 ರೂಪಾಯಿ. ಸಕ್ಕರೆ ಒಂದೂಕಾಲು ಕೆಜಿ, 56. ಏಲಕ್ಕಿ, ಉಪ್ಪು 14. ಕ್ಯಾನ್ ನೀರು 40. ಪೇಪರ್ ಲೋಟ 60. ಸುಂಕ 20. ಬೋರ್ಡಿಗೆ ರಟ್ಟು, ಬಣ್ಣ 20. ಎಲ್ಲ ಸೇರಿ 360, ಲೋಟಕ್ಕೆ ಏಳು ರೂಪಾಯಿ ಇಪ್ಪತ್ತು ಪೈಸೆ. ಮಕ್ಕಳು ಮೊದಲು ಹೇಳಿದ್ದು ಎಂಟು ರೂಪಾಯಿಗೆ ಮಾರೋಣ ಅಂತ. ಐವತ್ತೂ ಖರ್ಚಾಗದಿದ್ದರೆ? ಮೂವತ್ತೇ ಹೋದರೆ? ಎಂಟಕ್ಕೆ ಮೂವತ್ತು ಅಂದರೆ 240, ಕೈಯಿಂದ 120 ಹೋಯಿತು. ಹದಿನೈದಕ್ಕೆ ಮಾರಿದರೆ ಇಪ್ಪತ್ತನಾಲ್ಕನೇ ಲೋಟಕ್ಕೆ ಅಸಲು ಸರಿಹೋಗುತ್ತದೆ. ಆ ಇಪ್ಪತ್ತನಾಲ್ಕು ಅನ್ನುವ ಸಂಖ್ಯೆಯನ್ನು ದೊಡ್ಡದಾಗಿ ಬರೆದು ದುಡ್ಡಿನ ಡಬ್ಬಿಗೆ ಅಂಟಿಸಿ. ಮರುದಿನ ಇಪ್ಪತ್ತನಾಲ್ಕನೇ ಲೋಟ ಮಾರಿದ ಕ್ಷಣ ಐದೂ ಜನ ಕುಣಿಯುತ್ತಾರೆ, ನೋಡಿ ಬೇಕಾದರೆ.

ಎರಡು ಎಚ್ಚರ. ಪ್ಲಾಸ್ಟಿಕ್ ಲೋಟ, ಕವರು ಬೇಡ, ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ. ಸಮುದಾಯ ಭವನದಿಂದ ಸ್ಟೀಲ್ ಲೋಟ ತಂದು ತೊಳೆದು ಕೊಡುತ್ತೇವೆ ಅಂತ ತಂಡ ಹೇಳಿದರೆ ಬಹಳ ಒಳ್ಳೆಯದು, ಖರ್ಚೂ ಕಡಿಮೆ, ಆದರೆ ತೊಳೆಯಲು ಎರಡು ಬಕೆಟ್ ಒಳ್ಳೆಯ ನೀರು ಮತ್ತು ಬಿಸಿಲಲ್ಲಿ ಒಣಗಿಸುವ ಜಾಗ ಬೇಕು. ಇನ್ನೊಂದು, ಮಾರ್ಕೆಟ್ಟಿನ ಐಸ್ ಗಡ್ಡೆಯನ್ನು ಕುಡಿಯುವುದಕ್ಕೆ ಹಾಕಲೇಬೇಡಿ. ಅದು ಮೀನು, ಹಣ್ಣು ತಣ್ಣಗಿಡಲು ಮಾಡಿದ್ದು. ಮಣ್ಣಿನ ಮಡಕೆಗೆ ಹಿಂದಿನ ರಾತ್ರಿಯೇ ನೀರು ತುಂಬಿಸಿ, ಸುತ್ತ ಒದ್ದೆ ಗೋಣಿ ಕಟ್ಟಿ. ಸಾಕಷ್ಟು ತಣ್ಣಗಾಗುತ್ತದೆ.

ಚಿಲ್ಲರೆ ಮರೆಯಬೇಡಿ. ಹತ್ತು, ಐದು, ಎರಡು ರೂಪಾಯಿಯ ನಾಣ್ಯ ಹಿಂದಿನ ದಿನವೇ ಬ್ಯಾಂಕಿನಿಂದ ತಂದಿಡಿ. ಫೋನ್ ಪೇ ಬೇಡ ಅಂತ ನನ್ನ ಅಭಿಪ್ರಾಯ, ಈ ಒಂದು ದಿನಕ್ಕೆ. ಐವತ್ತರ ನೋಟು ಇಸಿದುಕೊಂಡು ಮೂವತ್ತೈದು ವಾಪಸ್ ಎಣಿಸಿ ಕೊಡುವುದು ಸ್ಕ್ಯಾನ್ ಮಾಡಿಸಿ ಕಲಿಯುವ ವಿಷಯ ಅಲ್ಲ.

ಸಂತೆ ದಿನ, ಬೆಳಿಗ್ಗೆ

ಏಳಕ್ಕೆ ಎಲ್ಲ ಸೇರಲಿ. ತಿಂಡಿ ಹೊಟ್ಟೆ ತುಂಬ ಕೊಡಿ, ಉಪ್ಪಿಟ್ಟು ಅವಲಕ್ಕಿ ಯಾವುದಾದರೂ. ಖಾಲಿ ಹೊಟ್ಟೆಯಲ್ಲಿ ಬಿಸಿಲಿಗೆ ನಿಂತ ಮಗು ಹತ್ತು ಗಂಟೆಗೆ ತಲೆ ಸುತ್ತಿ ಕೂರುತ್ತದೆ. ಟೋಪಿ ಅಥವಾ ಟವೆಲ್, ಸ್ವಂತ ನೀರಿನ ಬಾಟಲಿ, ಶಿಬಿರದ ಚೀಲದಲ್ಲಿ ಓಆರ್‌ಎಸ್ ಪ್ಯಾಕೆಟ್. ಎಂಟಕ್ಕೆ ಕೈ ತೊಳೆದು, ಉಗುರು ನೋಡಿ, ತಯಾರಿ ಶುರು.

ಎಂಟೂವರೆಯಿಂದ ಹನ್ನೊಂದೂವರೆ, ಮೂರೇ ಗಂಟೆ ಮಾರಾಟ. ಆಮೇಲೆ ಎಷ್ಟೇ ಗಿರಾಕಿ ಇದ್ದರೂ ಮುಚ್ಚಿ. ಏಪ್ರಿಲ್ ಮೇ ಬಿಸಿಲಲ್ಲಿ ಮಧ್ಯಾಹ್ನ ಮಕ್ಕಳನ್ನು ಬಯಲಲ್ಲಿ ನಿಲ್ಲಿಸುವುದು ತಪ್ಪು, ಅದಕ್ಕೆ ಯಾವ ಪಾಠದ ನೆಪವೂ ಇಲ್ಲ.

ದೊಡ್ಡವರು ಮಾಡಬಾರದ್ದು

ಈ ಭಾಗ ನಿಧಾನವಾಗಿ ಓದಿ. ದಿನ ಕೆಡುವುದು ಇಲ್ಲೇ.

ಒಂದು ವರ್ಷ ನಮ್ಮಲ್ಲಿ ಒಬ್ಬ ಹುಡುಗ, ಬಹಳ ಮೆತ್ತಗಿನವನು, ನೂರರ ನೋಟು ಹಿಡಿದುಕೊಂಡು ಚಿಲ್ಲರೆ ಎಣಿಸುತ್ತಾ ತಡವರಿಸುತ್ತಿದ್ದ. ಗಿರಾಕಿ ಅವಸರ ಮಾಡುತ್ತಿದ್ದರು. ನಾನು ಡಬ್ಬಿಗೆ ಕೈ ಹಾಕಿ ಎಂಬತ್ತೈದು ರೂಪಾಯಿ ಎಣಿಸಿ ಕೊಟ್ಟುಬಿಟ್ಟೆ. ಅರ್ಧ ನಿಮಿಷದ ಕೆಲಸ. ಆ ಹುಡುಗ ಡಬ್ಬಿಯನ್ನು ಪಕ್ಕದವಳಿಗೆ ಕೊಟ್ಟು ಹಿಂದೆ ಹೋಗಿ ಕೂತ, ಅವತ್ತಿಡೀ ಮುಂದೆ ಬರಲಿಲ್ಲ. ನಾನು ಸಹಾಯ ಮಾಡಿದೆ ಅಂದುಕೊಂಡಿದ್ದೆ. ಅವನಿಗೆ ಕೇಳಿಸಿದ್ದು ನಿನ್ನ ಕೈಲಿ ಆಗಲ್ಲ ಅಂತ. ಅಂದಿನಿಂದ ನಮ್ಮ ಶಿಬಿರದಲ್ಲಿ ಸಂತೆಯಲ್ಲಿರುವ ದೊಡ್ಡವರೆಲ್ಲ ಕೈ ಹಿಂದೆ ಕಟ್ಟಿಕೊಂಡು ನಿಲ್ಲುವುದು ನಿಯಮ. ನಿಜವಾಗಿಯೂ ಕಟ್ಟಿಕೊಂಡು. ಗಾಯ, ಜಗಳ, ಬಿಸಿಲು, ಅಪರಿಚಿತರ ಕೆಟ್ಟ ಮಾತು, ಈ ನಾಲ್ಕಕ್ಕೆ ಮಾತ್ರ ಮಧ್ಯೆ ಹೋಗಬೇಕು. ಲೆಕ್ಕ ತಪ್ಪಿದರೆ ತಪ್ಪಲಿ, ಶರಬತ್ತಿಗೆ ಉಪ್ಪು ಜಾಸ್ತಿ ಆದರೆ ಆಗಲಿ. ಗಿರಾಕಿ ಮುಖ ಹಿಂಡಿದಾಗ ಅವರೇ ರುಚಿ ನೋಡುತ್ತಾರೆ.

ಇನ್ನೊಂದು ತೊಂದರೆ ನೆಂಟರದ್ದು. ಒಬ್ಬರ ಅಪ್ಪ ಬೈಕಲ್ಲಿ ಬಂದು, ಮಗಳ ಅಂಗಡಿಯಲ್ಲಿದ್ದ ಚುರುಮುರಿಯನ್ನೆಲ್ಲ ಐನೂರು ರೂಪಾಯಿಗೆ ಕೊಂಡು ಹೋದರು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಒಂಬತ್ತೂವರೆಗೇ ಆ ತಂಡಕ್ಕೆ ಕೆಲಸ ಇಲ್ಲ, ಉಳಿದ ನಾಲ್ಕು ತಂಡದ ಮುಖ ಬಾಡಿತು. ಈಗ ಒಪ್ಪಿಗೆ ಪತ್ರದಲ್ಲೇ ಬರೆಯುತ್ತೇವೆ: ಮನೆಯವರು ಬರಬಹುದು, ಮನೆಗೆ ಒಂದೇ ಲೋಟ ಅಥವಾ ಒಂದೇ ಪೊಟ್ಟಣ, ಹೇಳಿದ ಬೆಲೆಗೆ.

ಬೋಣಿ ತಡವಾದರೆ ಮಕ್ಕಳು ಗಾಬರಿಯಾಗುತ್ತಾರೆ, ಬೆಲೆ ಇಳಿಸೋಣ ಅನ್ನುತ್ತಾರೆ. ಆಗ ಉತ್ತರ ಹೇಳಬೇಡಿ, ಪ್ರಶ್ನೆ ಕೇಳಿ. ಜನ ಎಲ್ಲಿ ನಿಲ್ಲುತ್ತಿದ್ದಾರೆ, ಯಾಕೆ ಅಲ್ಲಿ? ಹಿಂದಿನ ಸಂಜೆ ಅವರಿಗೆ ರಘುನಂದನ ಕಾಮತರ ವಿಷಯ ಹೇಳಿರಿ. ಮಂಗಳೂರು ಕಡೆಯ ಹಣ್ಣಿನ ವ್ಯಾಪಾರಿಯ ಮಗ, 1984ರಲ್ಲಿ ಮುಂಬೈನ ಜುಹುವಿನಲ್ಲಿ ನ್ಯಾಚುರಲ್ಸ್ ಐಸ್‌ಕ್ರೀಮ್ ಶುರು ಮಾಡಿದವರು. ಬರೀ ಐಸ್‌ಕ್ರೀಮಿಗೆ ಜನ ಬರುವುದು ಅನುಮಾನ ಅಂತ ಖಾರದ ಪಾವ್ ಭಾಜಿಯನ್ನೂ ಇಟ್ಟರು. ಖಾರ ತಿಂದವರು ತಂಪು ಕೇಳಿದರು. ನಮ್ಮ ಶರಬತ್ತು ತಂಡ ಇದನ್ನು ನೆನಪಿಟ್ಟುಕೊಂಡು ಯಾರಿಗೂ ಹೇಳದೆ ಮೆಣಸಿನಕಾಯಿ ಬಜ್ಜಿ ಗಾಡಿಯ ಪಕ್ಕಕ್ಕೆ ಮಡಕೆ ಹೊತ್ತುಕೊಂಡು ಹೋಯಿತು, ಬಜ್ಜಿಯವರನ್ನು ಕೇಳಿ ಒಪ್ಪಿಸಿ. ಆಮೇಲೆ ಅರ್ಧ ಗಂಟೆಯಲ್ಲಿ ಹದಿನೆಂಟು ಲೋಟ.

ಚೌಕಾಸಿಯನ್ನು ಹೆದರದೆ ಎದುರಿಸಲಿ. "ಹದಿನೈದಾ? ಹತ್ತಕ್ಕೆ ಕೊಡವ್ವ" ಅಂತ ಅಜ್ಜಿ ಕೇಳಿದಾಗ ಏನು ಹೇಳಬೇಕು ಅನ್ನುವುದನ್ನು ಹಿಂದಿನ ದಿನ ಆಡಿ ಅಭ್ಯಾಸ ಮಾಡಿಸಿ. ಅಜ್ಜಿ, ಅಸಲು ಏಳೂಕಾಲು ಬಿದ್ದಿದೆ, ಮೂರು ಜನಕ್ಕೆ ತಗೊಂಡ್ರೆ ನಲವತ್ತಕ್ಕೆ ಕೊಡ್ತೀವಿ ಅಂತ ಒಬ್ಬಳು ಹೇಳಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಕೆಲವರು ಕೊಸರು ಕೇಳುತ್ತಾರೆ. ಕಾಲು ಲೋಟ ಕೊಸರು ಅಂದರೆ ಎಷ್ಟು ಪೈಸೆ ಅಂತ ಲೆಕ್ಕದವರು ಅಲ್ಲೇ ಹಾಕಲಿ. ಕೊಡುವುದೋ ಬಿಡುವುದೋ ಅವರ ಇಷ್ಟ.

ಗಂಟೆಗೊಮ್ಮೆ ಸೀಟಿ ಹೊಡೆದು ಕೆಲಸ ಬದಲಾಯಿಸುವುದನ್ನು ಮಾತ್ರ ಗಟ್ಟಿಯಾಗಿ ಮಾಡಿಸಿ. ವ್ಯಾಪಾರ ಜೋರಾಗಿದೆ ಸಾರ್, ಈಗ ಬೇಡ ಅನ್ನುತ್ತಾರೆ. ಬೇಕು. ಡಬ್ಬಿ ಕೈ ಬದಲಾಗುವಾಗ ಒಳಗಿನ ದುಡ್ಡನ್ನು ಇಬ್ಬರೂ ಎಣಿಸಿ ಸಹಿ ಹಾಕಲಿ.

ಮಧ್ಯಾಹ್ನ

ಹನ್ನೊಂದೂವರೆಗೆ ಜಾಗ ಗುಡಿಸಿ, ಕಸ ಚೀಲಕ್ಕೆ ತುಂಬಿ ವಾಪಸ್. ಊಟ ಪಂಕ್ತಿಯಲ್ಲಿ, ಬಡಿಸುವುದು ದೊಡ್ಡವರು. ಬೇರೆ ದಿನ ಮಕ್ಕಳೇ ಬಡಿಸಲಿ, ಇವತ್ತು ಅವರು ದಣಿದಿರುತ್ತಾರೆ. ಊಟ ಆದಮೇಲೆ ಒಂದು ಗಂಟೆ ಮಲಗಲಿ ಅಥವಾ ಚೌಕಾಬಾರ ಆಡಲಿ. ಯಾರನ್ನೂ ಭಾಷಣಕ್ಕೆ ಕರೆಯಬೇಡಿ.

ಎರಡೂವರೆಗೆ: ಲೆಕ್ಕ

ನನ್ನ ಮಟ್ಟಿಗೆ ಇಡೀ ದಿನದ ತಿರುಳು ಇದು. ಪ್ರತಿ ತಂಡ ಒಂದು ದೊಡ್ಡ ಹಾಳೆಯಲ್ಲಿ ಬಂದದ್ದು, ಹೋದದ್ದು, ಉಳಿದದ್ದು ಬರೆಯಲಿ. ಶರಬತ್ತು ತಂಡ ಮೂವತ್ತೆಂಟು ಲೋಟ ಮಾರಿತ್ತು, ಹದಿನೈದರಂತೆ 570. ಖರ್ಚು 360. ಲಾಭ 210 ಅಂತ ಬರೆದು ಚಪ್ಪಾಳೆ ಹೊಡೆದರು. ನೀವೂ ಹೊಡೆಯಿರಿ. ಆಮೇಲೆ ಕೇಳಿ, ಐದು ಜನ ತಲಾ ಎಷ್ಟು ಗಂಟೆ ಕೆಲಸ ಮಾಡಿದಿರಿ? ಹಿಂದಿನ ಸಂಜೆಯ ಖರೀದಿ, ಬೆಳಗಿನ ತಯಾರಿ, ಮೂರು ಗಂಟೆ ಮಾರಾಟ, ತೊಳೆಯುವುದು, ಎಲ್ಲ ಸೇರಿ ತಲಾ ಆರು, ಒಟ್ಟು ಮೂವತ್ತು ಗಂಟೆ. ಇನ್ನೂರ ಹತ್ತನ್ನು ಮೂವತ್ತರಿಂದ ಭಾಗಿಸಿದರೆ ಗಂಟೆಗೆ ಏಳು ರೂಪಾಯಿ. ಕೋಣೆಯಲ್ಲಿ ಸದ್ದೇ ಇರಲಿಲ್ಲ.

ಅಲ್ಲಿಗೆ ನಿಲ್ಲಿಸಬೇಡಿ. ಈ 360ನ್ನು ಹೂವಿನಮ್ಮನಿಗೆ ಕೊಡುವವರ ಹತ್ತಿರ ಸಾಲ ತಂದಿದ್ದರೆ? ಒಂಬೈನೂರಕ್ಕೆ ನೂರು ಅಂದರೆ ಮುನ್ನೂರ ಅರವತ್ತಕ್ಕೆ ನಲವತ್ತು. ಲಾಭ 170ಕ್ಕೆ ಇಳಿಯಿತು. ಮಕ್ಕಳೇ ಹೂವಿನಮ್ಮನ ಹೆಸರು ಎತ್ತಿದರು, ಅವರು ದಿನಾ ಇದನ್ನೇ ಮಾಡ್ತಾರಲ್ವಾ ಸಾರ್ ಅಂತ.

ಮಜ್ಜಿಗೆ ತಂಡದ್ದು ಇನ್ನೊಂದು ಥರ. ನಲವತ್ತೈದು ಲೋಟ, ಹತ್ತರಂತೆ 450, ಖರ್ಚು 90, ಲಾಭ 360 ಅಂತ ಎಲ್ಲರಿಗಿಂತ ಮೇಲೆ ಬರೆದುಕೊಂಡರು. ಮೊಸರು ಎಲ್ಲಿಂದ? ಒಬ್ಬಳ ಮನೆಯಿಂದ, ಪುಕ್ಕಟೆ. ಮೂರು ಲೀಟರ್ ಹಾಲಿನದ್ದು. ಆ ಹಾಲು ಡೇರಿಗೆ ಹಾಕಿದ್ದರೆ? ಹುಡುಗಿಗೆ ದರ ಬಾಯಲ್ಲೇ ಇತ್ತು, ಲೀಟರಿಗೆ ಮೂವತ್ತೈದು ಅಂದಳು. 105 ಕಳೆದರು, 255 ಉಳಿಯಿತು. ಆಮೇಲೆ ಅವಳೇ ಮೆಲ್ಲಗೆ ಕೇಳಿದಳು, "ಅಮ್ಮ ಐದು ಗಂಟೆಗೆ ಎದ್ದು ಕಡೆದಿದ್ದು ಯಾವ ಸಾಲಲ್ಲಿ ಬರೆಯೋದು?" ಇಂಥ ಪ್ರಶ್ನೆ ಬಂದರೆ ಉಳಿದ ಕಾರ್ಯಕ್ರಮವನ್ನೆಲ್ಲ ಬದಿಗಿಡಿ. ನಾವು ಮುಕ್ಕಾಲು ಗಂಟೆ ಅದನ್ನೇ ಮಾತಾಡಿದೆವು. ಕೊನೆಗೆ ಹಾಳೆಯಲ್ಲಿ "ಮನೆಯವರ ದುಡಿಮೆ" ಅಂತ ಹೊಸ ಸಾಲು ಬಂತು, ಮುಂದಿನ ವರ್ಷದಿಂದ ಎಲ್ಲ ತಂಡದ ಹಾಳೆಯಲ್ಲೂ ಆ ಸಾಲು ಇದೆ. ಹಾಗಾಗಿ ಹಾಳೆ ಕೊಡುವಾಗಲೇ ಮನೆಯಿಂದ ಬಂದ ಪಾತ್ರೆ, ಗ್ಯಾಸ್, ಹಾಲು, ಕೆಲಸ ಎಲ್ಲಕ್ಕೂ ಜಾಗ ಬಿಡಿ.

ಲಾಭವನ್ನು ಏನು ಮಾಡುವುದು ಅನ್ನುವುದು ತಂಡದ ತೀರ್ಮಾನ. ಅನಾಥಾಶ್ರಮಕ್ಕೆ ಕೊಡಿಸೋಣ ಅಂತ ಯಾರಾದರೂ ದೊಡ್ಡವರು ಹೇಳಿಯೇ ಹೇಳುತ್ತಾರೆ. ಮಕ್ಕಳಿಗೇ ಅನಿಸಿದರೆ ಕೊಡಲಿ, ನಾವು ಹೇಳಿ ಕೊಡಿಸುವುದು ಬೇಡ. ದುಡಿದ ದುಡ್ಡು ಕೈಯಲ್ಲಿ ಹಿಡಿದು ಮನೆಗೆ ಹೋಗುವ ಸಂತೋಷ ಅವರದ್ದಾಗಲಿ. ಉಳಿಸುವ ಮಾತು ಬಂದರೆ ಪಿಗ್ಮಿ ಕಥೆ ಇದೆಯಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳಲು ಶುರುಮಾಡಿತು, ಆ ಪುಟ್ಟ ಉಳಿತಾಯಕ್ಕೇ ಪಿಗ್ಮಿ ಅಂತ ಹೆಸರಿಟ್ಟಿತು. ಇವತ್ತಿಗೂ ಅಂಗಡಿಗೆ ಸಂಜೆ ಬರುವ ಪಿಗ್ಮಿಯವರನ್ನು ಮಕ್ಕಳು ನೋಡಿರುತ್ತಾರೆ. ಆ ಹೆಸರು ಎಲ್ಲಿಂದ ಬಂತು ಅಂತ ಗೊತ್ತಿರುವುದಿಲ್ಲ ಅಷ್ಟೆ.

ನಷ್ಟ ಆದ ತಂಡ

ಪ್ರತಿ ವರ್ಷ ಒಂದಾದರೂ ಇರುತ್ತದೆ. ಸೌತೆಕಾಯಿ ತಂಡಕ್ಕೆ ಒಮ್ಮೆ ಸಾಲದಲ್ಲಿ ತೊಂಬತ್ತು ರೂಪಾಯಿ ತೀರಿಸಲು ಆಗಲಿಲ್ಲ, ಹೆಚ್ಚಿಟ್ಟದ್ದು ಬಾಡಿತ್ತು. ಆಗ ಹೋಗಲಿ ಬಿಡಿ ಅನ್ನಬೇಡಿ. ಅಪ್ಪ ಅಮ್ಮನಿಂದ ಇಸಿದುಕೊಳ್ಳಲೂ ಬೇಡಿ. ಎಲ್ಲಿ ತಪ್ಪಿತು ಅಂತ ಅವರೇ ಎಲ್ಲರ ಮುಂದೆ ಹೇಳಲಿ, ಮರುದಿನಕ್ಕೆ ಇನ್ನೂರು ರೂಪಾಯಿಯ ಚಿಕ್ಕ ಸಾಲ ಕೊಡಿ, ಶಿಬಿರದ ಹತ್ತಿರದ ಬೀದಿಯಲ್ಲಿ ಒಂದು ಗಂಟೆ ಮಾರಲಿ. ಅವರು ಕೇಳಿದಾಗಲೇ ಹೆಚ್ಚಿಕೊಡುವ ಹಾಗೆ ಬದಲಾಯಿಸಿದರು, ಎರಡು ದಿನದಲ್ಲಿ ಎರಡೂ ಸಾಲ ತೀರಿತು.

ಲೀಡರ್ ಬಗ್ಗೆ ಮಾತು

ನಾಲ್ಕು ಗಂಟೆಗೆ ಗುಂಡಾಗಿ ಕೂರಿಸಿ, ನೀವೂ ನೆಲದ ಮೇಲೆ. ಇವತ್ತು ಯಾರ ಯಾವ ಕೆಲಸದಿಂದ ನಿಮ್ಮ ತಂಡಕ್ಕೆ ಅನುಕೂಲ ಆಯಿತು, ಒಂದು ಘಟನೆ ಹೇಳಿ ಅಂತ ಪ್ರತಿಯೊಬ್ಬರನ್ನೂ ಕೇಳಿ. ಒಳ್ಳೆಯವನು, ಜಾಣೆ ಅಂತ ಹೇಳಿದರೆ ಸಾಲದು, ಘಟನೆ ಬೇಕು. ಲೀಡರ್ ಆಗಿದ್ದವರು ಕೊನೆಗೆ ಮಾತಾಡಲಿ. ಹೆಚ್ಚಾಗಿ ಹೆಸರು ಬರುವುದು ಜೋರು ದನಿಯವರದ್ದಲ್ಲ. ನೀರು ತಂದವನದ್ದು, ಬೈದ ಗಿರಾಕಿಗೆ ನಗುತ್ತಾ ಉತ್ತರ ಕೊಟ್ಟವಳದ್ದು, ಚಿಲ್ಲರೆ ಮುಗಿದಾಗ ಎಳನೀರಿನವರ ಹತ್ತಿರ ಓಡಿಹೋಗಿ ತಂದವನದ್ದು. ಉತ್ತಮ ನಾಯಕ ಅಂತ ಬಹುಮಾನ ಇಡಬೇಡಿ, ಇಟ್ಟರೆ ಈ ಮಾತೆಲ್ಲ ಹೊರಗೇ ಬರುವುದಿಲ್ಲ.

ಸಂಜೆ

ಐದಕ್ಕೆ ಮನೆಯವರು ಬರುತ್ತಾರೆ. ಲೆಕ್ಕದ ಹಾಳೆಗಳನ್ನು ಗೋಡೆಗೆ ಅಂಟಿಸಿ, ಒಂದೊಂದು ತಂಡ ಮೂರು ನಿಮಿಷ ವಿವರಿಸಲಿ, ನಷ್ಟದ ಹಾಳೆಯೂ ಇರಲಿ. ಸಾಲ ತೀರಿಸಿದವರ ಪತ್ರವನ್ನು ಅವರ ಕೈಗೇ ಕೊಟ್ಟು ಹರಿದುಹಾಕಿಸಿ. ಮನೆಯವರಿಗೆ ಒಂದು ಮಾತು ಹೇಳಿ, ರಾತ್ರಿ ಊಟದ ಹೊತ್ತಿಗೆ ಮಕ್ಕಳು ನಿಮ್ಮ ಅಂಗಡಿ, ಹೊಲ, ಹಾಲಿನ ಲೆಕ್ಕ ಕೇಳುತ್ತಾರೆ, ಬೇಸರ ಮಾಡಿಕೊಳ್ಳದೆ ಹೇಳಿ ಅಂತ.

ಎಲ್ಲರೂ ಹೋದಮೇಲೆ ಕಾರ್ಯಕರ್ತರು ಅರ್ಧ ಗಂಟೆ ಉಳಿಯಿರಿ. ಯಾವ ಮಗು ಇವತ್ತು ಮಾತೇ ಆಡಲಿಲ್ಲ ಅಂತ ಹೆಸರು ಹಿಡಿದು ನೋಡಿ, ನಾಳೆ ಅವರ ಪಕ್ಕ ಯಾರು ಕೂರಬೇಕು ಗೊತ್ತುಮಾಡಿ. ಸಾಲದ ದುಡ್ಡು ಎಣಿಸಿ ಪುಸ್ತಕಕ್ಕೆ ಬರೆಯಿರಿ. ಸ್ಟೀಲ್ ಲೋಟಗಳನ್ನು ಎಣಿಸಿಯೇ ಸಮುದಾಯ ಭವನಕ್ಕೆ ವಾಪಸ್ ಕೊಡಿ. ಹೂವಿನಮ್ಮನಿಗೂ ಬಜ್ಜಿಯವರಿಗೂ ಮಕ್ಕಳ ಕೈಬರಹದ ಒಂದೊಂದು ಕಾಗದ ಹೋಗಬೇಕು. ಅದನ್ನು ಮುಂದಿನ ಸಂತೆಯಲ್ಲಿ ಮಕ್ಕಳೇ ಕೊಟ್ಟು ಬರಲಿ, ಬೋಣಿ ಆದಮೇಲೆ.